ಕಿರುಚಿತ್ರಕ್ಕೆ ಹೂವಿನ ಬಣ್ಣ: ದಾವಣಗೆರೆ ಹೂವಿನ ಪೇಟೆ ಎಷ್ಟು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ

ಬಿಳಿ, ಹಳದಿ, ಕನಕಾಂಬರದ ಕೇಸರಿ. ಈ ಮೂರು ಬಣ್ಣದಲ್ಲಿ ಕಥೆ ಹೇಳುವವರಿಗೆ ದಾವಣಗೆರೆಯ ಹಳೇ ಪೇಟೆಯ ಹೂವಿನ ಅಂಗಡಿ ಸಾಲು ಸಾಕು, ಬೇರೆಲ್ಲೂ ಹೋಗಬೇಕಿಲ್ಲ. ಕೆಂಪು ಬೇಕೆಂದರೆ ಎಚ್ಚರದಿಂದ ಆರಿಸಬೇಕು. ನೀಲಿ ಬೇಕೆಂದರೆ ಈ ಪೇಟೆಯನ್ನು ನಂಬಿ ಶೂಟಿಂಗ್ ದಿನ ಗೊತ್ತುಮಾಡಬೇಡಿ.

ಈ ವಿಮರ್ಶೆ ಪೂಜೆಗೋ ಮದುವೆಗೋ ಹೂ ಕೊಳ್ಳುವವರಿಗಲ್ಲ. ಹತ್ತು ಹದಿನೈದು ನಿಮಿಷದ ಚಿತ್ರದಲ್ಲಿ ಮಾತು ಕಡಿಮೆ ಮಾಡಿ ಹೂವಿನ ಬಣ್ಣದಿಂದಲೇ ವಿಷಯ ದಾಟಿಸಬೇಕು ಅಂದುಕೊಂಡವರಿಗೆ. ಹಾಗಾಗಿ ಹೂ ತಾಜಾ ಇದೆಯೇ, ದರ ಸರಿಯಿದೆಯೇ ಎಂಬುದರ ಜೊತೆಗೆ ಇನ್ನೆರಡನ್ನು ನೋಡಬೇಕಾಗುತ್ತದೆ. ಆ ಹೂವಿಗೆ ನಮ್ಮ ಕಡೆಯ ಜನ ಏನು ಅರ್ಥ ಕೊಟ್ಟಿದ್ದಾರೆ? ಕ್ಯಾಮೆರಾ ಮುಂದೆ ಆ ಬಣ್ಣ ನಿಲ್ಲುತ್ತದೆಯೇ?

ಮೊದಲು ಅರ್ಥದ ಮಾತು, ಯಾಕೆಂದರೆ ಹೆಚ್ಚಿನ ಕಿರುಚಿತ್ರಗಳು ಎಡವುವುದು ಇಲ್ಲೇ. ಕೆಂಪು ಗುಲಾಬಿ ಅಂದರೆ ಪ್ರೀತಿ, ಹಳದಿ ಅಂದರೆ ಸ್ನೇಹ, ಬಿಳಿ ಅಂದರೆ ದುಃಖ ಎಂಬ ಪಟ್ಟಿ ಶುಭಾಶಯ ಪತ್ರಗಳಿಂದ ಬಂದದ್ದು. ದಾವಣಗೆರೆಯ ಮನೆಗಳಲ್ಲಿ ಗಂಡ ಹೆಂಡತಿಗೆ ಪ್ರೀತಿ ತೋರಿಸುವುದು ಎಲೆಯಲ್ಲಿ ಸುತ್ತಿ ತಂದ ಎರಡು ಮೊಳ ಮಲ್ಲಿಗೆಯಿಂದ, ಅದು ಬಿಳಿ. ಆಯುಧಪೂಜೆಗೆ ಲಾರಿಯ ಮೂತಿಗೆ ಕಟ್ಟುವ ಚೆಂಡು ಹೂವನ್ನೇ ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂರಿಸಿ ಒಯ್ಯುವ ವಿಮಾನಕ್ಕೂ ಕಟ್ಟುತ್ತಾರೆ. ಬಣ್ಣ ಅದೇ, ಹೂವೂ ಅದೇ, ಅರ್ಥ ಮಾತ್ರ ತಿರುಗಿತು. ತಿರುಗಿಸಿದ್ದು ಜಾಗ. ಮುಡಿಯಲ್ಲಿರುವ ಹೂ, ಬಾಗಿಲ ಮೇಲಿನ ಹೂ, ದೇವರ ಬಲಗಡೆಯಿಂದ ಬಿದ್ದ ಹೂ, ಬೆಳಗ್ಗೆ ಕಸದ ಬುಟ್ಟಿ ಸೇರಿದ ಹೂ: ಚಿತ್ರಕಥೆಯಲ್ಲಿ ಬಣ್ಣದ ಪಕ್ಕದಲ್ಲೇ ಜಾಗವನ್ನೂ ಬರೆದಿಟ್ಟುಕೊಳ್ಳಿ. ಇನ್ನೂ ಒಂದಿದೆ, ಹೂವೇ ಇಲ್ಲದ ತುರುಬು. ನಮ್ಮ ನೋಡುಗರಿಗೆ ಅದಕ್ಕಿಂತ ಗಟ್ಟಿಯಾದ ಬಣ್ಣದ ಸೂಚನೆ ಇನ್ನೊಂದಿಲ್ಲ.

ಲೆಕ್ಕಕ್ಕೆ ಒಂದು ಕಥೆ ಇಟ್ಟುಕೊಳ್ಳೋಣ. ಹನ್ನೆರಡು ನಿಮಿಷ. ಹತ್ತಿ ಗಿರಣಿಗಳ ಕಾಲದ ಒಂದು ಸಾಲುಮನೆ, ಗೋಡೆಗೆ ನೀಲಿ ಸುಣ್ಣ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಒಂದು ಮಾರು ಅಳತೆಗಿಷ್ಟು ಎಂದು ಕೂಲಿಗೆ ಹೂ ಕಟ್ಟುತ್ತಾಳೆ. ಮಗಳಿಗೆ ಹೂ ಮುಡಿಸುವ ಶಾಸ್ತ್ರ ಹತ್ತಿರ ಬಂದಿದೆ. ದಿನವಿಡೀ ಊರಿಗೆಲ್ಲ ಹೂ ಕಟ್ಟುವ ಕೈ ಮಗಳ ಮುಡಿಗೆ ಹೂ ಇಡಬಹುದೇ ಎಂಬುದೇ ಕಥೆ.

ಇಲ್ಲಿ ಮೊದಲ ಏಳು ನಿಮಿಷ ಬರೀ ಬಿಳಿ ಇರಲಿ, ಅವಳು ಕಟ್ಟುವ ಕಾಕಡ. ಈ ಬಿಳಿ ಶೋಕದ್ದೂ ಅಲ್ಲ, ಶೃಂಗಾರದ್ದೂ ಅಲ್ಲ, ಕೂಲಿಯದು. ಕನಕಾಂಬರ ಎರಡೇ ಸಲ ಬರಬೇಕು: ಒಮ್ಮೆ ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿ ಅವಳದೇ ಮುಡಿಯಲ್ಲಿ, ಇನ್ನೊಮ್ಮೆ ಕೊನೆಗೆ ಅವಳ ಕೈಯಲ್ಲಿ. ಮೂರನೇ ಸಲ ಬೇಡ. ಈ ಲೆಕ್ಕ ನಿಲ್ಲಬೇಕಾದರೆ ನಡುವಿನ ಯಾವ ಶಾಟ್‌ನಲ್ಲೂ ಕೇಸರಿ ಸುಳಿಯಕೂಡದು. ಕೆಲಸ ಕೆಡಿಸುವುದು ಪ್ಲಾಸ್ಟಿಕ್ ಬಕೆಟ್, ಅಡುಗೆ ಸಿಲಿಂಡರ್, ಗೋಡೆಯ ಕ್ಯಾಲೆಂಡರ್, ಹಿಂದಿನ ತಂತಿಯಲ್ಲಿ ಒಣಗಲು ಹಾಕಿದ ಟವೆಲ್. ಸಿಲಿಂಡರಿನ ಕೆಂಪು ಎರಡು ಮೊಳ ಹೂವಿಗಿಂತ ಜೋರಾಗಿ ಕೂಗುತ್ತದೆ. ಹೂ ಕೊಳ್ಳುವ ಮುಂಚೆ ಮನೆಯೊಳಗಿನ ಬಣ್ಣ ತೆಗೆಯುವುದು ಮೊದಲ ಕೆಲಸ, ಅದಕ್ಕೆ ದುಡ್ಡೂ ಬೇಕಿಲ್ಲ.

ಪೇಟೆಯಲ್ಲಿ ಏನೇನಿದೆ

ಬಿಳಿಯಲ್ಲಿ ಈ ಸಾಲಿಗೆ ಪೂರ್ತಿ ಅಂಕ. ಮಲ್ಲಿಗೆಯ ಸುಗ್ಗಿ ಮಾರ್ಚ್‌ನಿಂದ ಜೂನ್. ಹರಪನಹಳ್ಳಿ ದಾಟಿ ಉತ್ತರಕ್ಕೆ ಹೋದರೆ ಹೂವಿನ ಹಡಗಲಿ, ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ಕ್ಯಾಮೆರಾಕ್ಕೆ ಮಲ್ಲಿಗೆ ಕಷ್ಟದ ಹೂ. ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನ ಕಂದುತ್ತದೆ. ಅಂದರೆ ಹತ್ತು ಗಂಟೆಯ ಶಾಟ್‌ನಲ್ಲಿ ಮೊಗ್ಗಿನ ದಂಡೆ, ಅದೇ ದೃಶ್ಯದ ಉಳಿದ ಶಾಟ್ ಸಂಜೆ ಆರಕ್ಕೆ ತೆಗೆದರೆ ಅರಳಿದ ದಂಡೆ. ಸಂಕಲನದಲ್ಲಿ ಎರಡೂ ಜೋಡಿಸಿದಾಗ ನೋಡುಗರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಇದನ್ನೇ ಬೇಕೆಂದು ಬಳಸಿದರೆ ಹೊತ್ತು ಕಳೆದದ್ದನ್ನು ತೋರಿಸಲು ಗಡಿಯಾರವೇ ಬೇಡ. ಒಂದೇ ದಂಡೆಯನ್ನು ಒಂದೇ ಜಾಗದಲ್ಲಿಟ್ಟು ಬೆಳಗ್ಗೆ, ಸಂಜೆ, ಮರುದಿನ ಹೀಗೆ ಮೂರು ಸಲ ಹಿಡಿಯಿರಿ.

ಅರ್ಥಕ್ಕೆ ಬಿಳಿ ಬೇಕು, ಪರಿಮಳ ಹೇಗಿದ್ದರೂ ನಡೆಯುತ್ತದೆ ಅನ್ನುವವರು ಕಾಕಡ ಕೊಳ್ಳಿ. ಮಲ್ಲಿಗೆಗಿಂತ ಹೆಚ್ಚು ಹೊತ್ತು ತಾಳುತ್ತದೆ, ದರ ಕಡಿಮೆ. ಮುಖದಿಂದ ನಾಲ್ಕಡಿ ದೂರದ ಶಾಟ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ತೀರಾ ಹತ್ತಿರದ ಶಾಟ್‌ಗೆ ಮಾತ್ರ ಒಂದು ಮೊಳ ಅಸಲಿ ಮಲ್ಲಿಗೆ ಇಟ್ಟುಕೊಂಡರೆ ಸಾಕು. ಸುಗಂಧರಾಜದ ಹಾರ ದಪ್ಪ, ಎಸಳು ಮೇಣದಂತೆ ಹೊಳೆಯುತ್ತದೆ. ಅದು ವೇದಿಕೆಗೆ, ಸನ್ಮಾನಕ್ಕೆ, ಮದುವೆಗೆ. ಬಡವರ ಮನೆಯ ದೇವರ ಫೋಟೋಕ್ಕೆ ಹಾಕಿದರೆ ದುಡ್ಡಿನ ಸುಳ್ಳು ಹೇಳಿದಂತಾಗುತ್ತದೆ.

ಹಳದಿ ಅಂದರೆ ಸೇವಂತಿಗೆ, ಇಲ್ಲಿನವರ ಬಾಯಲ್ಲಿ ಶಾವಂತಿಗೆ. ಚಿತ್ರದುರ್ಗದ ಕಡೆ ಇದನ್ನು ಹೊಲಗಟ್ಟಲೆ ಬೆಳೆಯುತ್ತಾರೆ, ಅದಕ್ಕೇ ಇಲ್ಲಿ ತಾಜಾ ಸಿಗುತ್ತದೆ. ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡವಿದು, ಹಾಗಾಗಿ ಸಹಜ ಸುಗ್ಗಿ ಅಕ್ಟೋಬರ್‌ನಿಂದ ಜನವರಿ. ಎರಡು ದಿನದ ಶೂಟಿಂಗ್‌ಗೆ ಇದಕ್ಕಿಂತ ನಂಬಿಕಸ್ತ ಹೂ ಇಲ್ಲ, ತಂಪಿನಲ್ಲಿಟ್ಟರೆ ಮೂರು ದಿನ ಬಣ್ಣ ಕೆಡುವುದಿಲ್ಲ. ಹಳದಿಯೊಳಗೇ ಎರಡು ಬಗೆ ನೋಡಿಕೊಳ್ಳಿ: ನಿಂಬೆ ಹಣ್ಣಿನ ಹಳದಿ ತೆರೆಯ ಮೇಲೆ ತಣ್ಣಗೆ ಕಾಣುತ್ತದೆ, ಅರಿಶಿನದ ಹಳದಿ ಬೆಚ್ಚಗೆ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಕೊಂಡು ತಂದರೆ ಒಂದೇ ದೃಶ್ಯದಲ್ಲಿ ಎರಡು ಹೂವಾಗುತ್ತದೆ. ಒಂದೇ ಬುಟ್ಟಿಯಿಂದ ಎರಡೂ ದಿನಕ್ಕಾಗುವಷ್ಟು ಕೊಳ್ಳಿ.

ಕನಕಾಂಬರವೇ ಈ ಪೇಟೆಯ ಹೆಮ್ಮೆ, ಕೆಲವರ ಬಾಯಲ್ಲಿ ಅಬ್ಬಲಿಗೆ. ಈ ಹೂವಿಗೆ ವಾಸನೆ ಇಲ್ಲ. ಮಲ್ಲಿಗೆ ಜೊತೆ ಸೇರಿಸಿ ಕಟ್ಟುವುದು ಅದಕ್ಕೇ, ಬಣ್ಣ ಇದರದು, ಪರಿಮಳ ಅದರದು. ಒಟ್ಟಿಗೆ ಬಾಳಿದ ಇಬ್ಬರಲ್ಲಿ ಒಬ್ಬರು ಇಲ್ಲವಾದದ್ದನ್ನು ಹೇಳಲು ಬರೀ ಕನಕಾಂಬರದ ದಂಡೆ ಸಾಕು. ಹೂ ಕಟ್ಟಿ ಗೊತ್ತಿರುವ ಪ್ರತಿಯೊಬ್ಬ ಹೆಂಗಸಿಗೂ ಅದರ ಕೊರತೆ ತಟ್ಟುತ್ತದೆ. ಇಂಥ ಸೂಚನೆ ಯಾವ ಬಣ್ಣದ ಪಟ್ಟಿಯಲ್ಲೂ ಸಿಗುವುದಿಲ್ಲ, ಹೂ ಕಟ್ಟುವವರ ಪಕ್ಕ ಕೂತರೆ ಸಿಗುತ್ತದೆ. ನೀಲಿ ಸುಣ್ಣದ ಗೋಡೆಗೆ ಕನಕಾಂಬರ ಎದುರು ಬಣ್ಣ, ತಾನಾಗಿ ಎದ್ದು ಕಾಣುತ್ತದೆ. ಹಳದಿ ಬಲ್ಬಿನ ಕೆಳಗೆ, ಮೈಬಣ್ಣದ ಪಕ್ಕದಲ್ಲಿ ಇಟ್ಟರೆ ಅಲ್ಲೇ ಕರಗಿಹೋಗುತ್ತದೆ. ಎಸಳು ತೆಳು, ಗಾಳಿಗೆ ಬೇಗ ಸುರುಟುತ್ತದೆ, ಶಾಟ್ ಮುಗಿದ ಕೂಡಲೇ ಒದ್ದೆ ಬಟ್ಟೆಯೊಳಗೆ ಹೋಗಬೇಕು.

ಕೆಂಪಿನಲ್ಲಿ ಪೇಟೆ ಸೋಲುತ್ತದೆ. ಕೆಂಪು ಅಂದರೆ ದೇವಿಯ ಬಣ್ಣ, ದುಗ್ಗಮ್ಮನ ಜಾತ್ರೆಯ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಅರ್ಥ ಹೊತ್ತ ದಾಸವಾಳ ಮತ್ತು ಕೆಂಪು ಕಣಗಿಲೆ ಅಂಗಡಿಯ ಹೂವಲ್ಲ, ಹಿತ್ತಲ ಹೂ. ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ, ಹಾಗಾಗಿ ಯಾರೂ ಮಾರಲು ತರುವುದಿಲ್ಲ. ಪೇಟೆಯಲ್ಲಿ ಸಿಗುವುದು ಬಟನ್ ಗುಲಾಬಿ, ಅದರಲ್ಲಿ ಒಂದೇ ಬುಟ್ಟಿಯೊಳಗೆ ಕೆಂಪು, ರಾಣಿ ಬಣ್ಣ, ಕಪ್ಪಡರಿದ ಕೆಂಪು ಬೆರೆತಿರುತ್ತವೆ. ದಾಸವಾಳ ಬೇಕೆಂದರೆ ಗಿಡವಿರುವ ಮನೆಯವರನ್ನು ಕೇಳಿ, ಆ ದೃಶ್ಯವನ್ನು ಬೆಳಗ್ಗೆ ಹನ್ನೊಂದರೊಳಗೆ ಮುಗಿಸಿ.

ನೀಲಿ ಇಲ್ಲವೆಂದೇ ಹೇಳಬೇಕು. ಶಂಖಪುಷ್ಪ ಬೇಕಾದರೆ ಸುಮಾರು ಎರಡು ತಿಂಗಳು ಮುಂಚೆ ಬೀಜ ಹಾಕಿಕೊಳ್ಳಿ. ಅದರದ್ದೊಂದು ಗುಣ ಕಥೆಗೆ ಬಹಳ ಒದಗುತ್ತದೆ: ಹೂ ನೆನೆಸಿದ ನೀಲಿ ನೀರಿಗೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಕಣ್ಣೆದುರೇ ನೇರಳೆಯಾಗುತ್ತದೆ, ಹೂವಿನ ಬಣ್ಣದ ಅಂಶ ಹುಳಿಗೆ ಬದಲಾಗುವುದರಿಂದ. ಒಂದೇ ಶಾಟ್‌ನಲ್ಲಿ, ಕಂಪ್ಯೂಟರ್ ಕೈಚಳಕವಿಲ್ಲದೆ. ಬಿಳಿ ಹೂವಿಗೆ ನೀಲಿ ಏರಿಸುವ ದಾರಿಯೂ ಇದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ 20ರಿಂದ 30 ಹನಿ ತಿನ್ನುವ ಬಣ್ಣ ಹಾಕಿ, ತೊಟ್ಟನ್ನು ಓರೆಯಾಗಿ ಕತ್ತರಿಸಿ ರಾತ್ರಿಯಿಡೀ ನಿಲ್ಲಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಪೇಟೆಯ ಬಿಡಿ ಸೇವಂತಿಗೆ ತಂದು ನೆನೆಹಾಕುವುದು. ಅದಕ್ಕೆ ತೊಟ್ಟೇ ಇರುವುದಿಲ್ಲ, ಬಣ್ಣ ಏರುವ ಬದಲು ಹೂ ಕೊಳೆಯುತ್ತದೆ. ಬೊಕ್ಕೆ ಅಂಗಡಿಯ ಉದ್ದ ತೊಟ್ಟಿನ ಹೂವೇ ಬೇಕು.

ಕೊಳ್ಳುವಾಗ

ಮಾರು ಅಂದರೆ ನಾಲ್ಕು ಮೊಳ, ಹತ್ತಿರ ಹತ್ತಿರ ಆರಡಿ. ಮಾರುವವರ ತೋಳಿನಳತೆಯಾದ್ದರಿಂದ ಅಂಗಡಿಗೊಂದು ಮಾರು. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿಗೆ ಎರಡು ಪಕ್ಕ ಹದಿನಾಲ್ಕಡಿ, ಮೇಲೆ ಜೋಲು ಬಿಟ್ಟರೆ ನಾಲ್ಕೂವರೆ. ಲೆಕ್ಕಕ್ಕೆ ಮೂರು ಮಾರಿಗೆ ಸ್ವಲ್ಪ ಹೆಚ್ಚು, ಕೊಳ್ಳುವುದು ನಾಲ್ಕು. ಮುಡಿಗೆ ದಿನನಿತ್ಯದ ದೃಶ್ಯಕ್ಕೆ ಒಂದು ಮೊಳ, ಶಾಸ್ತ್ರದ ದೃಶ್ಯಕ್ಕೆ ಮೂರು. ಎದ್ದು ಕಾಣಬೇಕಾದ ಪ್ರತಿ ದಂಡೆಗೂ ಅದೇ ಅಳತೆಯ ಇನ್ನೆರಡು ಜೊತೆಗಿರಲಿ: ಒಂದು ಬಾಡಿದರೆ, ಇನ್ನೊಂದು ಹರಿದರೆ.

ನಮ್ಮ ಹನ್ನೆರಡು ನಿಮಿಷದ ಕಥೆಗೆ ಎರಡು ದಿನದ ಲೆಕ್ಕ ಹೀಗೆ ಬರುತ್ತದೆ. ಕಟ್ಟುವ ದೃಶ್ಯಕ್ಕೆ ದಿನಕ್ಕೆ ಒಂದು ಕೆಜಿ ಬಿಡಿ ಕಾಕಡ, ಕಟ್ಟಿದ್ದು ನಾಲ್ಕು ಮಾರು, ಹತ್ತಿರದ ಶಾಟ್‌ಗೆ ಎರಡು ಮೊಳ ಮಲ್ಲಿಗೆ, ಕೊನೆಯ ದೃಶ್ಯಕ್ಕೆ ಮೂರು ಮೊಳದ ಕನಕಾಂಬರ ದಂಡೆ ಮೂರು. ನಟಿಗೆ ಹೂ ಕಟ್ಟಲು ಬಾರದಿದ್ದರೆ ಬೆರಳಿನ ಶಾಟ್‌ಗೆ ಕಟ್ಟುವವರನ್ನೇ ಕರೆಸಿ. ಆ ಬೆರಳುಗಳ ವೇಗ ನಾಲ್ಕು ದಿನದ ಅಭ್ಯಾಸಕ್ಕೆ ಬರುವುದಿಲ್ಲ, ಕೆಲಸದ ಹೊತ್ತಿನ ಕೂಲಿಯನ್ನು ಮೊದಲೇ ಮಾತಾಡಿ ಕೊಡಿ.

ಹಿಂದಿನ ಸಂಜೆಯೇ ಮುಂಗಡ ಕೊಟ್ಟು ಹೇಳಬೇಕು, ಮಾತು ಬಿಡಿಸಿ ಹೇಳಬೇಕು: "ಅಣ್ಣಾ, ಜರಿ ಟೇಪು ಬ್ಯಾಡ, ಬಣ್ಣ ಹೊಡೆದ ಹೂ ಬ್ಯಾಡ, ನೀರು ಚಿಮುಕಿಸಬ್ಯಾಡ್ರಿ, ನಾರಿನಾಗ ಕಟ್ಟಿಸಿ ಕೊಡ್ರಿ." ನಾಲ್ಕಕ್ಕೂ ಕಾರಣವಿದೆ. ಹಾರದ ಜರಿ ಟೇಪು ಬೆಳಕಿಗೆ ಮಿಂಚಿ ಮುಖದಿಂದ ಕಣ್ಣು ಕಿತ್ತುಕೊಳ್ಳುತ್ತದೆ. ಸಿಂಪಡಿಸಿದ ಬಣ್ಣ ಒದ್ದೆಯಾದರೆ ರವಿಕೆಗೆ ಇಳಿಯುತ್ತದೆ, ಆಮೇಲೆ ಉಡುಪು ಶಾಟ್‌ನಿಂದ ಶಾಟ್‌ಗೆ ಒಂದೇ ತೆರನಾಗಿರುವ ಕಂಟಿನ್ಯುಯಿಟಿ ಹೋದಂತೆಯೇ. ನೀರು ಚಿಮುಕಿಸಿದರೆ ತೂಕದಲ್ಲಿ ನಷ್ಟ, ಮಲ್ಲಿಗೆಗೆ ಕಂದು ಚುಕ್ಕೆ. ಇನ್ನು ನಾರು: ಹತ್ತಿರದ ಶಾಟ್‌ನಲ್ಲಿ ಬಿಳಿ ದಾರ ಎದ್ದು ಕಾಣುತ್ತದೆ, ಹಳೆಯ ಕಾಲದ ಕಥೆಯಾದರೆ ಅದೇ ತಪ್ಪು. ಬಾಳೆನಾರಿನಲ್ಲಿ ಕಟ್ಟಿಕೊಡುವ ಕೈಗಳು ಈ ಪೇಟೆಯಲ್ಲಿ ಇನ್ನೂ ಇವೆ, ಕೇಳಿದರೆ ಮಾತ್ರ ಕಟ್ಟುತ್ತಾರೆ. ಕಟ್ಟುವವರ ಕೆಲಸಕ್ಕೆ ಯಾವ ಕೊರತೆಯನ್ನೂ ಹೇಳುವಂತಿಲ್ಲ. ಮೊಗ್ಗಿನ ದಿಕ್ಕು, ಸಾಲಿನ ಒತ್ತು, ದಂಡೆಯ ದಪ್ಪ ಹೇಳಿದಂತೆಯೇ ಬರುತ್ತದೆ. ಕೊರತೆ ಇರುವುದು ಹೊತ್ತಿನದು. ಬೆಳಕು ಹರಿಯುವ ಹೊತ್ತಿಗೇ ಒಳ್ಳೆಯ ಬುಟ್ಟಿ ಖಾಲಿಯಾಗುತ್ತದೆ, ತಡವಾಗಿ ಹೋದರೆ ಉಳಿದದ್ದರಲ್ಲಿ ಆರಿಸಬೇಕು. ಮುದ್ರಿತ ಬಿಲ್ಲನ್ನು ನಿರೀಕ್ಷಿಸಬೇಡಿ, ಕಾಲೇಜಿನ ಲೆಕ್ಕಕ್ಕೆ ಬೇಕಿದ್ದರೆ ಚೀಟಿಯ ಮೇಲೆ ಬರೆಸಿಕೊಳ್ಳಿ.

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ದರ ಏರುತ್ತದೆ, ಮೇಲಾಗಿ ನಿಮ್ಮ ಆರ್ಡರಿಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆಷಾಢ ಮತ್ತು ಪಿತೃಪಕ್ಷದಲ್ಲಿ ಮದುವೆಗಳಿಲ್ಲ, ಆಗ ಹೂವೂ ಅಗ್ಗ, ಕಟ್ಟುವವರಿಗೂ ಬಿಡುವು. ಕಿರುಚಿತ್ರದವರ ತಿಂಗಳು ಅದೇ.

ತಂದ ಹೂವನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ಬೆವರಿ ಕಪ್ಪಾಗುತ್ತದೆ. ಹಿಂಡಿದ ಒದ್ದೆ ಹತ್ತಿ ಬಟ್ಟೆ, ಅದರ ಮೇಲೆ ಬಾಳೆಲೆ, ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬ. ಮೇಲಿನ ತಣ್ಣನೆ ಅರೆಯಲ್ಲಿಟ್ಟರೆ ಮಲ್ಲಿಗೆ ಹೆಪ್ಪುಗಟ್ಟಿ ಗಾಜಿನಂತಾಗಿ, ಹೊರಗೆ ತೆಗೆದ ಕೂಡಲೇ ಕಂದುತ್ತದೆ.

ಕ್ಯಾಮೆರಾ ಮುಂದೆ ಇಟ್ಟಾಗ

ಚೌಕಟ್ಟು ತುಂಬ ಹಳದಿ ಸೇವಂತಿಗೆ ಬಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರವನ್ನು ತಾನೇ ಸರಿಪಡಿಸುವ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಹಳದಿ ಬೆಳಕೆಂದು ತಿಳಿದು ಚಿತ್ರವನ್ನೆಲ್ಲ ನೀಲಿಗೆ ಎಳೆಯುತ್ತದೆ. ಹೂವಿನ ಹಳದಿ ಸಪ್ಪೆಯಾಗುತ್ತದೆ, ಮುಖ ಕಳೆಗುಂದುತ್ತದೆ. ಮೊಬೈಲಿನಲ್ಲಿ ತೆಗೆಯುವವರಿಗೆ ಇದು ತಪ್ಪದೇ ಕಾಡುತ್ತದೆ. ಹಗಲಿನಲ್ಲಿ ವೈಟ್ ಬ್ಯಾಲೆನ್ಸನ್ನು 5600 ಕೆಲ್ವಿನ್‌ಗೆ (ಹಗಲ ಬೆಳಕಿನ ಅಳತೆ) ಬೀಗ ಹಾಕಿ, ಪ್ರತಿ ದೃಶ್ಯದ ಮೊದಲು ಬಣ್ಣ ಹೋಲಿಸಲು ಬೂದು ಕಾರ್ಡನ್ನು ಒಂದು ಸಲ ಹಿಡಿಯಿರಿ.

ಕೆಂಪು, ಕಡು ಕೇಸರಿಯ ತೊಂದರೆ ಬೇರೆ. ಒಟ್ಟು ಬೆಳಕು ಸರಿಯಿದೆ ಎಂದು ಮೀಟರು ಹೇಳಿದರೂ ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿರುತ್ತದೆ. ಆಗ ಗುಲಾಬಿಯಲ್ಲಿ ಎಸಳು ಕಾಣದೆ ಕೆಂಪು ಮುದ್ದೆ ಕಾಣುತ್ತದೆ, ಅದನ್ನು ಆಮೇಲೆ ಕಲರ್ ಗ್ರೇಡಿಂಗ್‌ನಲ್ಲಿ ತರಲಾಗುವುದಿಲ್ಲ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುವ ಪರೇಡ್ ನಕ್ಷೆ ನೋಡಿ, ಕೆಂಪು ತುದಿ ಮುಟ್ಟದಂತೆ ಮುಕ್ಕಾಲು ಸ್ಟಾಪ್‌ನಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಮಲ್ಲಿಗೆಗೂ ಬೆಳಕು ಮಿತಿಗೆ ಬಂದ ಕಡೆ ತೆರೆಯಲ್ಲಿ ಪಟ್ಟೆ ತೋರಿಸುವ ಜೀಬ್ರಾ ಗೆರೆಯನ್ನು ಶೇಕಡಾ 95ಕ್ಕೆ ಇಟ್ಟುಕೊಂಡು, ಮೊಗ್ಗಿನ ಮೇಲೆ ಗೆರೆ ಬಂದ ಕೂಡಲೇ ಇಳಿಸಿ. ಕಪ್ಪು ಕೂದಲ ಮೇಲಿನ ಬಿಳಿ ಹೂವಿಗಿಂತ ದೊಡ್ಡ ಅಂತರ ನಿಮ್ಮ ಚಿತ್ರದಲ್ಲಿ ಬೇರೆಲ್ಲೂ ಇರುವುದಿಲ್ಲ.

ಅಗ್ಗದ ಎಲ್‌ಇಡಿ ದೀಪದ ಡಬ್ಬದ ಮೇಲೆ ಸಿಆರ್‌ಐ 90 (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) ಎಂದು ಬರೆದಿದ್ದರೂ ಕೆಂಪು ಹೂ ಕಂದಾಗಿ ಕಾಣಬಹುದು. ಆ ಅಂಕ ಎಂಟು ಮಂದ ಬಣ್ಣಗಳ ಸರಾಸರಿ, ಕಡುಗೆಂಪಿನ ಅಳತೆಯಾದ ಆರ್9 ಅದರೊಳಗೆ ಸೇರುವುದೇ ಇಲ್ಲ. ದೀಪ ಬಾಡಿಗೆಗೆ ಕೊಡುವವರನ್ನು ಆರ್9 ಎಷ್ಟೆಂದು ಕೇಳಿ, ಉತ್ತರ ಬರದಿದ್ದರೆ ಒಂದು ಕೆಂಪು ಗುಲಾಬಿಯನ್ನು ಬಿಸಿಲಿನಲ್ಲೂ ಆ ದೀಪದಲ್ಲೂ ಹಿಡಿದು ಹೋಲಿಸಿ. ದೂರದ ಶಾಟ್‌ನಲ್ಲಿ ಕನಕಾಂಬರದ ಎಳೆ ಬಣ್ಣ ಕಳೆದುಕೊಂಡರೆ ಅದು ದೀಪದ ತಪ್ಪಲ್ಲ: ಹೆಚ್ಚಿನ ಕ್ಯಾಮೆರಾಗಳು ಬಣ್ಣವನ್ನು ಕುಗ್ಗಿಸಿ ಉಳಿಸುವ 4:2:0 ಎಂಬ ಬಗೆಯ ದಾಖಲೆಯಲ್ಲಿ ಬಣ್ಣದ ವಿವರ ಬೆಳಕಿನ ವಿವರದ ಕಾಲುಭಾಗ ಮಾತ್ರ ಉಳಿಯುತ್ತದೆ. ಕನಕಾಂಬರ ಕಥೆ ಹೇಳಬೇಕಾದ ಶಾಟ್ ಹತ್ತಿರದ್ದೇ ಆಗಿರಲಿ.

ದೇವರ ಮುಂದೆ ಹೂ ಕೇಳುವ ದೃಶ್ಯ ಬರೆದಿದ್ದರೆ ಬಣ್ಣದ ಆಯ್ಕೆ ಇನ್ನೂ ಬಿಗಿಯಾಗಬೇಕು. ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂಬುದು ಅರೆಕ್ಷಣದಲ್ಲಿ ತಿಳಿಯಬೇಕು. ಕುಂಕುಮ ಮೆತ್ತಿದ ವಿಗ್ರಹದಿಂದ ಕೆಂಪು ದಾಸವಾಳ ಜಾರಿದರೆ ಯಾರಿಗೂ ಕಾಣುವುದಿಲ್ಲ. ಬಿಳಿ ಕಣಗಿಲೆ ಅಥವಾ ಒಂದೇ ಒಂದು ನಿಂಬೆಹಳದಿ ಸೇವಂತಿಗೆ ಇಡಿ, ಹೂವನ್ನು ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಹಿಡಿಯಿರಿ. ಬೇಕಾದ ಕಡೆ ಬೀಳಿಸಲು ಒದ್ದೆ ಹೂವಿನ ತೂಕವನ್ನೇ ನೆಚ್ಚಿ, ದಾರ ಕಟ್ಟಿದರೆ ಬೀಳುವ ರೀತಿಯಲ್ಲೇ ಸುಳ್ಳು ಗೊತ್ತಾಗುತ್ತದೆ.

ಫ್ಯಾನ್ಸಿ ಅಂಗಡಿಗಳ ಕೃತಕ ಹೂವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿನ್ನೆಲೆಯ ಬಾಗಿಲ ಹಾರಕ್ಕೆ, ಅದೂ ಮಸುಕಾಗಿ ಕಾಣುವುದಾದರೆ, ನಡೆಯುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ನಿಜದ ಎಸಳು ಒಳಗಿಂದ ಬೆಳಗುತ್ತದೆ, ಬಟ್ಟೆಯದು ಕಪ್ಪಾಗಿ ನಿಲ್ಲುತ್ತದೆ. ಬಿಳಿ ಪಾಲಿಯೆಸ್ಟರ್ ಮಲ್ಲಿಗೆಯಲ್ಲಿ ಹೊಳಪಿನ ರಾಸಾಯನಿಕ ಇದ್ದರೆ ಕೆಲವು ದೀಪಗಳಡಿ ನೀಲಿ ಹೊಡೆಯುತ್ತದೆ. ಆ ನೀಲಿ ತಗ್ಗಿಸಲೆಂದು ಚಹಾ ನೀರಿನಲ್ಲಿ ಅದ್ದಿದರೆ ಪಾಲಿಯೆಸ್ಟರ್ ಬಣ್ಣ ಹಿಡಿಯುವುದಿಲ್ಲ. ತುಂಬಾ ನೀರು ಬೆರೆಸಿದ ಕೆನೆ ಬಣ್ಣದ ಅಕ್ರಿಲಿಕ್ ಹಚ್ಚಿ ಒಣಗಿಸಬೇಕು.

ಚಿತ್ರದುರ್ಗ 60 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಯ ದಾರಿ. ಸೇವಂತಿಗೆ ಒಂದೇ ಬೇಕಿದ್ದು, ಅದೂ ಐವತ್ತು ಮಾರು ಬೇಕಿದ್ದರೆ ಅಲ್ಲಿಗೇ ಹೋಗುವುದು ಲೇಸು. ಅಲ್ಲಿನ ಬಂಡೆಯ ಬೂದುಗಂದಿನ ಮೇಲೆ ಹಳದಿಯಷ್ಟು ಚೆನ್ನಾಗಿ ಕೂರುವ ಬಣ್ಣ ಇನ್ನೊಂದಿಲ್ಲ. ಕೋಟೆಯೊಳಗೆ ಚಿತ್ರೀಕರಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಹೊರಗಿನ ಬಯಲಲ್ಲಿ ತಂಗಡಿ ತಾನಾಗಿ ಹಳದಿ ಅರಳಿಸಿ ನಿಂತಿರುತ್ತದೆ. ಕೊಂಡ ಸೇವಂತಿಗೆಗೂ ಯಾರೂ ನೆಡದ ತಂಗಡಿಗೂ ತೆರೆಯ ಮೇಲೆ ಹಳದಿ ಒಂದೇ, ಆದರೆ ಕೊಳ್ಳಲು ದುಡ್ಡಿಲ್ಲದ ಪಾತ್ರದ ಕೈಗೆ ಕೊಡಬೇಕಾದದ್ದು ತಂಗಡಿಯನ್ನೇ.

ನಮ್ಮ ಕಥೆಯ ಕೊನೆಯ ಶಾಟ್‌ಗೆ ಇಷ್ಟು ನೆನಪಿಡಿ. ಮೂರು ಕನಕಾಂಬರ ದಂಡೆಗಳಲ್ಲಿ ಒಂದನ್ನು ಅಭ್ಯಾಸಕ್ಕೆ, ಒಂದನ್ನು ಬೆಳಕು ಹೊಂದಿಸಲು ಬಳಸಿ. ಮೂರನೆಯದು ಒದ್ದೆ ಬಟ್ಟೆಯಲ್ಲೇ ಇರಲಿ, ಕ್ಯಾಮೆರಾ ಓಡಲು ಶುರುವಾದ ಮೇಲೆ ತಾಯಿಯ ಪಾತ್ರದವರೇ ಅದನ್ನು ಬಿಚ್ಚಲಿ.